ಐದು ಆಡಿಗೊಂದು ನಾಯಿ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು ಅತ್ತೆಯ ಊರುಗೋಲು. ಮಂಚದಿಂದ ಹಿತ್ತಿಲ ಬಾಗಿಲವರೆಗೆ ಅದು ಟಕ್ ಟಕ್ ಎಂದು ನಡೆದುಹೋಗುವ ಸದ್ದಿಗೆ ನಾನು ಏಳುತ್ತೇನೆ. ಒಲೆ ಹಚ್ಚಿ ಚಹಾಕ್ಕೆ ನೀರಿಡುವಷ್ಟರಲ್ಲಿ ಅತ್ತೆ ಆಡಿನ ದಡ್ಡಿಯ ಬಾಗಿಲು ತೆಗೆದಿರುತ್ತಾರೆ. ಆಮೇಲೆ ಅಡುಗೆಮನೆಯ ಕಿಟಕಿಯಿಂದ ಅವರ ಮಾತು ಕೇಳಿಸತೊಡಗುತ್ತದೆ. ಒಂದೊಂದು ಆಡಿಗೂ ಒಂದೊಂದು ಮಾತು. ಕಂದು ಬಣ್ಣದ ಹಿರಿಯ ಆಡಿಗೆ, "ಏನವಾ ಗೌಡ್ತಿ, ನಿದ್ದಿ ಆತೇನು?" ಸೀಳು ಕಿವಿಯ ಇನ್ನೊಂದಕ್ಕೆ ಬೈಗುಳ. ಮರಿ ಹಾಕಲು ದಿನ ತುಂಬುತ್ತಿರುವ ಬಿಳಿಯದಕ್ಕೆ ಸಮಾಧಾನ. ಆ ಮಾತಿನ ಧಾಟಿಯಿಂದಲೇ ಅತ್ತೆಗೆ ಆ ದಿನ ಮಂಡಿನೋವು ಎಷ್ಟಿದೆ, ಚಹಾಕ್ಕೆ ಸಕ್ಕರೆ ಎಷ್ಟು ಬೇಕು ಎಂಬುದು ನನಗೆ ತಿಳಿಯುತ್ತದೆ.

ಆ ಸೋಮವಾರ ಬೆಳಿಗ್ಗೆ ಊರುಗೋಲು ಎದ್ದಿತು, ದಡ್ಡಿಯ ಬಾಗಿಲು ತೆರೆಯಿತು, ಆಡುಗಳು ಕೆಮ್ಮುತ್ತ ಹೊರಗೆ ಬಂದವು. ಅತ್ತೆ ಮಾತ್ರ ಯಾರನ್ನೂ ಮಾತಾಡಿಸಲಿಲ್ಲ. ನಾನು ಚಹಾ ಸೋಸುವುದನ್ನು ಬಿಟ್ಟು ಕಿಟಕಿಯ ಹತ್ತಿರ ನಿಂತೆ. ಅವರು ಹಿರಿಯ ಆಡಿನ ಬೆನ್ನಿನ ಮೇಲೆ ಕೈಯಿಟ್ಟು, ಗದ್ದೆಯಾಚೆಯ ಕಾಡಿನ ಕಡೆ ನೋಡುತ್ತ ನಿಂತಿದ್ದರು. ನಿಂತೇ ಇದ್ದರು.

ಕಾರಣ ನನಗೆ ಗೊತ್ತಿತ್ತು. ಸುಗ್ಗಿ ಮುಗಿದ ಹೊಸತರಲ್ಲಿ ಒಂದು ರಾತ್ರಿ ಚಿರತೆ ಬಂದು, ದಡ್ಡಿಯ ತಟ್ಟಿ ಬಾಗಿಲನ್ನು ಕೆಡವಿ, ಒಂದು ಮರಿಯನ್ನು ಒಯ್ದಿತ್ತು.

ನಮ್ಮದು ಎಕ್ಕಂಬಿ ಕಡೆಯ ಊರು. ರಸ್ತೆಗೆ ಹತ್ತಿಕೊಂಡ ಮನೆ, ಹಿಂದೆ ಅರ್ಧ ಎಕರೆ ಹಿತ್ತಿಲು, ಒಂದು ಆಕಳು, ಐದು ಆಡು, ಹತ್ತಾರು ಕೋಳಿ. ಹಿತ್ತಿಲು ಮುಗಿದಲ್ಲಿಂದ ಪಕ್ಕದ ಮನೆಯ ಕಾಕಾನ ಭತ್ತದ ಗದ್ದೆ, ಗದ್ದೆ ಮುಗಿದಲ್ಲಿಂದ ಕಾಡು. ನನ್ನ ಗಂಡ ಶಿರಸಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಮರಿ ಹೋದ ಮರುದಿನದಿಂದ ಅತ್ತೆಯ ಚುಚ್ಚುಮಾತು ಒಂದೇ: "ಊರಿಗೆಲ್ಲಾ ಚಿಲಕ ಮಾರ್ತಾನ ನನ್ನ ಮಗ. ನಮ್ಮ ದಡ್ಡಿಗೆ ನೋಡಿದ್ರ ಸುತಳಿ!" ಇವರು ಪ್ರತಿದಿನ "ತರ್ತೇನಿ ಅವ್ವಾ" ಅನ್ನುತ್ತಿದ್ದರು, ಪ್ರತಿದಿನ ಮರೆಯುತ್ತಿದ್ದರು.

ಮಗ ಚಿಲಕ ತರುವವರೆಗೆ ಅತ್ತೆ ತಮಗೆ ತಿಳಿದ ಉಪಾಯ ಮಾಡಿದ್ದರು. ಇಲ್ಲಿ ಹಂದಿ ಬರದಿರಲಿ ಎಂದು ಗದ್ದೆಯ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಬಣ್ಣಬಣ್ಣದ ಸೀರೆಗಳು ಗಾಳಿಗೆ ಪಟಪಟ ಎನ್ನುವಾಗ ಒಳಗೆ ಮನುಷ್ಯರಿದ್ದಾರೆ ಎಂದು ಹಂದಿ ಹಿಂದೆ ಸರಿಯುತ್ತದಂತೆ. ಅದೇ ಲೆಕ್ಕದಲ್ಲಿ ಅತ್ತೆ ತಮ್ಮ ಹಳೆಯ ಸೀರೆಗಳನ್ನೆಲ್ಲ ದಡ್ಡಿಯ ಸುತ್ತ ಕಟ್ಟಿದರು. ಚಿರತೆ ಸೀರೆಗೆ ಹೆದರುತ್ತದೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ. ಗದ್ದೆಯ ಬೇಲಿಗೂ ಆಡಿನ ದಡ್ಡಿಗೂ ಇರುವ ವ್ಯತ್ಯಾಸ ನಮಗಿಬ್ಬರಿಗೂ ಹೊಳೆದಿರಲಿಲ್ಲ. ಬೆಳಗಾಗುವಷ್ಟರಲ್ಲಿ ಹಿರಿಯ ಆಡು ತಟ್ಟಿಯ ಸಂದಿಯಿಂದ ಒಂದು ಇಳಕಲ್ ಸೀರೆಯ ಸೆರಗನ್ನು ಒಳಗೆಳೆದು ಪೂರ್ತಿ ತಿಂದು, ಅಂಚಿನ ದಾರವನ್ನು ಗಡ್ಡಕ್ಕೆ ಸುತ್ತಿಕೊಂಡು ನಿಂತಿತ್ತು. ಅತ್ತೆ ಅಂದು ನಗುತ್ತ ಅತ್ತರೋ, ಅಳುತ್ತ ನಕ್ಕರೋ. "ನನ್ನ ಮದವಿ ವರ್ಷದ ಸೀರಿ ಐತಿ ಅದು. ತಿನ್ನವಾ, ತಿನ್ನು. ನಾ ಉಟ್ಟದ್ದಾತು, ನೀ ಉಂಡದ್ದಾತು."

ಈ ಆಡುಗಳ ಋಣ ನನ್ನ ಮೇಲೂ ಒಂದಿದೆ. ಮಗಳು ಹುಟ್ಟಿದಾಗ ನನಗೆ ಹಾಲು ಸಾಲದು, ಆಕಳ ಹಾಲು ಅವಳಿಗೆ ಆಗದು. ಕುಡಿದದ್ದನ್ನೆಲ್ಲ ಕಕ್ಕಿ, ಸಣ್ಣ ಕಡ್ಡಿಯಂತಾಗಿದ್ದಳು. ಡಾಕ್ಟರ ಔಷಧಿ ನಡೆಯುತ್ತಿರುವಾಗಲೇ ಅತ್ತೆ ತಮ್ಮ ಆಡಿನ ಹಾಲಿಗೆ ನೀರು ಬೆರೆಸಿ ಕುದಿಸಿ, ಚಮಚದ ತುದಿಯಿಂದ ಒಂದೊಂದೇ ಹನಿ ಹಾಕಿದ್ದರು. ಈಗಿನ ಹಿರಿಯ ಆಡು ಆ ಆಡಿನ ಮಗಳು. ನನ್ನ ಮಗಳು ಈಗ ಬಸ್ಸಿನಲ್ಲಿ ಶಿರಸಿಯ ಶಾಲೆಗೆ ಹೋಗುತ್ತಾಳೆ, ನನ್ನ ಭುಜಕ್ಕೆ ಬಂದಿದ್ದಾಳೆ. ಅವಳ ಜಡೆ ಹೆಣೆಯುವಾಗ ಕಿಟಕಿಯಾಚೆ ಆ ಆಡು ಕಂಡರೆ, ಯಾರಿಗೆ ಅಂತ ಹೇಳದೆ ಮನಸ್ಸಿನಲ್ಲೇ ಒಮ್ಮೆ ಕೈ ಮುಗಿಯುತ್ತೇನೆ.

ಆ ಸೋಮವಾರದ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮಾತು ತೆಗೆದಿದ್ದರು. ಕಾಕಾನ ಗದ್ದೆಯಲ್ಲಿ ಹಾವೇರಿ ಕಡೆಯ ಕುರಿಗಾರರು ಕುರಿ ತರುಬಿದ್ದರು. ಸುಗ್ಗಿಯ ನಂತರ ರಾತ್ರಿ ಕುರಿಗಳನ್ನು ಗದ್ದೆಯಲ್ಲೇ ನಿಲ್ಲಿಸಿದರೆ ಮಣ್ಣಿಗೆ ಗೊಬ್ಬರವಾಗುತ್ತದೆ, ವರ್ಷವೂ ಬರುತ್ತಾರೆ.

"ಕುರಿಗಾರ್ರು ಮಂಗಳವಾರ ಎದ್ದ ಹೋಗ್ತಾರಂತ. ಅವ್ರ ಹಂತ್ಯಾಕ ನಾಯಿಮರಿ ಅದಾವ, ಒಂದ್ ತರ್ರಿ. ಇಲ್ಲಾಂದ್ರ ಮಂಗಳವಾರ ಶಿರಸಿ ಸಂತಿಗೆ ಐದೂ ಆಡು ಹೊಡೀರಿ. ಬಿಳೀದು ಇವತ್ತೋ ನಾಳಿಯೋ ಈಯತೈತಿ. ಆ ಮರೀನೂ ಒಯ್ಯೂದನ್ನ ನಾ ನೋಡಂಗಿಲ್ಲ."

"ನಾಯಿ ಇದ್ರ ಚಿರತಿ ನಾಯಿ ಸಲುವಾಗೇ ಬರ್ತೈತವ್ವಾ," ಎಂದರು ಇವರು.

"ಹಂಗಾರ ಮಾರಿಬಿಡು."

ಇವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. "ನಾಯಿಗೆ ಅನ್ನ ಹಾಕಾಕಿ ಈಕಿ. ಈಕೀನ ಹೇಳಲಿ."

"ಆಡಿಗೆ ಪ್ಲೀಸ್ ಅಂತಾಳ ಈಕಿ. ನಾಯಿಗೆ ಏನಂತಾಳೋ!" ಅತ್ತೆ ಎಂದರು. ಅದು ನಿಜವೇ. ಶಿರಸಿಯ ಕಾನ್ವೆಂಟಿನಲ್ಲಿ ಕಲಿತ ಆ ಒಂದು ಪದ ಬಾಯಿಂದ ಹೋಗಿಲ್ಲ. ಆಡು ದಾರಿ ಬಿಡದಿದ್ದರೆ ಇಂದಿಗೂ "ಸರಿಯಮ್ಮ, ಪ್ಲೀಸ್" ಎಂದೇ ಬರುತ್ತದೆ. ಆದರೆ ಆ ರಾತ್ರಿ ಅತ್ತೆಯ ಚೇಷ್ಟೆಯಲ್ಲಿ ನಗು ಇರಲಿಲ್ಲ. ಆಡು ಹೋದರೆ ಅವರು ಬೆಳಿಗ್ಗೆ ಎದ್ದು ಯಾರ ಜೊತೆ ಮಾತಾಡಬೇಕು? ಊರುಗೋಲು ಯಾವ ಕಡೆ ನಡೆಯಬೇಕು? ಅದನ್ನೇ ಯೋಚಿಸುತ್ತ ಪಾತ್ರೆ ತೊಳೆದಿದ್ದೆ.

ಸೋಮವಾರ ಮಗಳಿಗೂ ಇವರಿಗೂ ಡಬ್ಬಿ ಕಟ್ಟಿಕೊಟ್ಟು, ಬೈಕು ರಸ್ತೆಯ ತಿರುವು ದಾಟಿದ ಮೇಲೆ ಗದ್ದೆಯ ಕಡೆ ಹೊರಟೆ. ಕಾಕಾ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅವರಿಗೂ ಒಂದು ನಾಯಿ ಇತ್ತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಂಬದಲ್ಲಿ ಸರಪಳಿ ಮಾತ್ರ ಉಳಿದಿತ್ತು. ಆ ಸರಪಳಿಯನ್ನು ಅವರು ಬಿಚ್ಚಿಲ್ಲ. ಈಗ ಅದಕ್ಕೆ ಕೊಡೆ ನೇತುಹಾಕುತ್ತಾರೆ.

"ನಾಯಿಮರಿ ನೋಡಾಕ ಹೊಂಟೀಯೇನವಾ?" ಎಂದರು. ನಮ್ಮ ಮನೆಯಲ್ಲಿ ರಾತ್ರಿ ಆಡಿದ ಮಾತು ಅವರ ಜಗಲಿಗೆ ಬೆಳಿಗ್ಗೆಯೇ ಮುಟ್ಟಿತ್ತು.

"ಹೌದು ಕಾಕಾ. ತರೋದೋ ಬೇಡವೋ ಗೊತ್ತಾಗ್ತಾ ಇಲ್ಲ."

"ನೋಡು, ನೋಡು. ಛಲೋ ಜಾತಿ ಅದು," ಎಂದು ಹಗ್ಗಕ್ಕೆ ಮತ್ತೊಂದು ಎಳೆ ಸೇರಿಸಿದರು. ಕೊಡೆಯ ಕಡೆ ನೋಡಲಿಲ್ಲ.

ಗದ್ದೆಯಲ್ಲಿ ದೊಡ್ಡ ಕುರಿಗಳೆಲ್ಲ ಮೇಯಲು ಹೋಗಿದ್ದವು. ಬಲೆಯ ಆವರಣದೊಳಗೆ ಸಣ್ಣ ಮರಿಗಳು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕುರಿಗಾರರ ಹೆಂಗಸು. ಬದುವಿನ ಮೇಲೆ ದೊಡ್ಡದೊಂದು ನಾಯಿ ಮಲಗಿತ್ತು. ಕೊರಳಲ್ಲಿ ಚಿರತೆ ಹಲ್ಲು ಊರದಂತೆ ಕಬ್ಬಿಣದ ಮುಳ್ಳಿನ ಪಟ್ಟಿ, ಒಂದು ಕಿವಿ ಅರ್ಧವೇ. ಅದು ಬೊಗಳಲಿಲ್ಲ. ನಾನು ಬದು ದಾಟಲು ಕಾಲೆತ್ತಿದಾಗ ಎದ್ದು ಬಂದು ನನಗೂ ಮರಿಗಳಿಗೂ ನಡುವೆ ನಿಂತಿತು. ಮೇಲಿನ ತುಟಿ ಮಾತ್ರ ಸ್ವಲ್ಪ ಮೇಲೆ ಹೋಯಿತು. ಎತ್ತಿದ ಕಾಲನ್ನು ನಾನು ಹಾಗೆಯೇ ಕೆಳಗಿಟ್ಟೆ.

"ಏ, ಬಿಡ! ನಮ್ಮವ್ರು ಅವ್ರು," ಎಂದಳು ಹೆಂಗಸು. ನಾಯಿ ಕೂತಿತು. "ಬರ್ರಿ ಅಕ್ಕಾರ. ಏನೂ ಮಾಡಂಗಿಲ್ಲ. ನಾ ಹೇಳೂಮಟ ಅಷ್ಟ."

ನಾಯಿಮರಿಗಳು ಕುರಿಮರಿಗಳ ನಡುವೆಯೇ ಮಲಗಿದ್ದವು. ಕಪ್ಪು ಮರಿಯೊಂದರ ಬೆನ್ನಿನ ಮೇಲೆ ಕುರಿಮರಿ ಗದ್ದವಿಟ್ಟು ನಿದ್ದೆ ಹೋಗಿತ್ತು. ಅವಳು ಅದನ್ನೇ ಎತ್ತಿ ನನ್ನ ಮಡಿಲಿಗೆ ಹಾಕಿದಳು. ಉಣ್ಣೆ, ಹಾಲು, ಹೊಗೆ ಮೂರೂ ಸೇರಿದ ವಾಸನೆ. ಅದು ಕಣ್ಣು ತೆರೆಯದೆಯೇ ನನ್ನ ಬಳೆಯನ್ನು ಚೀಪತೊಡಗಿತು.

"ಇದನ್ನ ಒಯ್ರಿ. ಇದರ ಅವ್ವನ ನಿಮಗ ಈಗ ಅಡ್ಡ ನಿಂತಾಕಿ."

"ನಮ್ಮಲ್ಲಿ ಇರೋದು ಐದೇ ಆಡು."

"ಐದಿರಲಿ, ಐನೂರಿರಲಿ. ನಾಯಿ ಏನ್ ಎಣಸತೈತೇನ್ರಿ?"

"ಕಟ್ಟಿ ಹಾಕಬೇಕಾ?"

"ಕಟ್ಟಿದ್ರ ಹೆಂಗ ಕಾಯ್ತೈತ್ರಿ! ಬಿಟ್ಟ ಇರಬೇಕು, ಆಡಿನ ಜೋಡೀನ ಬೆಳೀಬೇಕು. ಆಮ್ಯಾಲ ನೋಡ್ರಿ, ಗುರ್ತಿಲ್ದ ಒಂದ್ ಹುಳ ಒಳಗ ಬರಾಕ ಬಿಡಂಗಿಲ್ಲ." ಅವಳ ದನಿಯಲ್ಲಿ ಹೆಮ್ಮೆ ಇತ್ತು, ತನ್ನ ಮಕ್ಕಳ ಬಗ್ಗೆ ಹೇಳುವಂತೆ.

ಮರಿಯನ್ನು ಮಡಿಲಲ್ಲಿಟ್ಟುಕೊಂಡೇ ನಾನು ಯೋಚಿಸಿದೆ. ಮರಿ ಬೇಕು ಅನ್ನಿಸುತ್ತಿತ್ತು. ಸುಳ್ಳೇಕೆ ಹೇಳಲಿ, ಬಚ್ಚಲಮನೆಯ ಹಂಡೆಯ ಹಿಂದಿನ ಬೆಚ್ಚಗಿನ ಮೂಲೆಯನ್ನು ಮನಸ್ಸಿನಲ್ಲೇ ಅದಕ್ಕೆ ಕೊಟ್ಟೂ ಆಗಿತ್ತು. ಆದರೆ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಯಾವುದಾದರೂ ಚೆಂದದ ವಸ್ತು ಕಂಡು ನಾವು ಆಸೆಪಟ್ಟರೆ, "ಮೊದಲು ಅದನ್ನು ಎಲ್ಲಿ ಇಡ್ತೀ ಹೇಳು ಮಗು" ಎನ್ನುತ್ತಿದ್ದರು. ಈ ನಾಯಿಯನ್ನು ಎಲ್ಲಿ ಇಡಲಿ? ಹಂಡೆಯ ಹಿಂದೆ ಇಟ್ಟರೆ ಅದು ಹಂಡೆಯನ್ನು ಕಾಯುತ್ತದೆ, ನನ್ನನ್ನು ಕಾಯುತ್ತದೆ, ಆಡನ್ನಲ್ಲ. ಆಡಿನ ಜೊತೆ ಬಿಟ್ಟರೆ?

ನಮ್ಮ ಹಿತ್ತಿಲಿಗೆ ಗೇಟು ಎಂಬುದಿಲ್ಲ. ಶಾಲೆಯ ಮಕ್ಕಳು ಬಸ್ಸು ಹಿಡಿಯಲು ನಮ್ಮ ಹಿತ್ತಿಲನ್ನೇ ಹಾದು ಓಡುತ್ತಾರೆ. ಹೋಗುವಾಗ ಒಂದು ಪೇರಲೆಕಾಯಿ, ಬರುವಾಗ ಒಂದು. ಕರಿಬೇವಿಗೆ ಬರುವವರು ಕೂಗಿ ಕೇಳುವುದಿಲ್ಲ, ಕಿತ್ತುಕೊಂಡು ಹೋಗುವಾಗ "ಒಯ್ದೆ ನೋಡ್ರಿ" ಎನ್ನುತ್ತಾರೆ. ಕಾಕಾ ಸಂಜೆ ಬೇಲಿಯ ಸಂದಿಯಿಂದಲೇ ನುಸುಳಿ ಬರುತ್ತಾರೆ. ಇವರೆಲ್ಲರ ಮುಂದೆ, ಮಾತಿಲ್ಲದೆ, ತುಟಿಯೆತ್ತಿ ಆ ನಾಯಿ ನಿಂತರೆ? ಪ್ರತಿ ಸಲವೂ "ಬಿಡ, ನಮ್ಮವ್ರು" ಎನ್ನಲು ಅತ್ತೆಯ ಮಂಡಿ ಎಷ್ಟು ಸಲ ಏಳಬೇಕು? ಹಗಲೆಲ್ಲ ಐದು ಆಡಿನ ಪಕ್ಕದಲ್ಲಿ ಅತ್ತೆ ಕೂತೇ ಇರುತ್ತಾರೆ. ಕತ್ತಲಾದರೆ ಆಡು ಒಳಗೆ, ನಾಯಿ ಹೊರಗೆ ಒಂಟಿ. ಈ ಕುರಿಗಾರರ ಹತ್ತಿರ ಮುಳ್ಳುಪಟ್ಟಿಯ ನಾಯಿಗಳು ಮೂರೋ ನಾಲ್ಕೋ ಇದ್ದವು, ಜೊತೆಗೆ ಬಯಲಲ್ಲೇ ಮಲಗುವ ಮನುಷ್ಯರಿದ್ದರು. ನಮ್ಮಲ್ಲಿ ಅದಕ್ಕೆ ಯಾರೂ ಇರುವುದಿಲ್ಲ. ಕಂಬದ ಸರಪಳಿಗೆ ನೇತುಬಿದ್ದ ಕೊಡೆ ಕಣ್ಣ ಮುಂದೆ ಬಂತು.

"ನಮಗೆ ಬೇಡ ಅನ್ಸತ್ತೆ," ಎಂದೆ. ಮರಿ ಇನ್ನೂ ಬಳೆ ಬಿಟ್ಟಿರಲಿಲ್ಲ.

ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಬ್ಯಾಡಾದ್ರ ಬ್ಯಾಡ ಬಿಡ್ರಿ. ಅದಕ್ಕೂ ಅಡ್ಯಾಡೂದ ಇಷ್ಟ. ಬಿಸೀದು ಒಂದ್ ರೊಟ್ಟಿ ತಿಂದ್ ಹೋಗ್ರಿ, ಬರೇ ಕೈಲೆ ಹೋಗಬ್ಯಾಡ್ರಿ," ಎಂದು ಜೋಳದ ರೊಟ್ಟಿಯ ಮೇಲೆ ಕೆಂಪು ಖಾರ ಇಟ್ಟು ಕೊಟ್ಟಳು. ಕೊಡಲು ಬಂದದ್ದನ್ನು ಒಲ್ಲೆ ಎಂದವಳಿಗೆ ರೊಟ್ಟಿ ಕೊಡುವ ಮನಸ್ಸು! ಬದುವಿನ ಮೇಲೆ ಕೂತು ತಿಂದೆ. ಅರ್ಧ ಕಿವಿಯ ನಾಯಿ ನನ್ನನ್ನು ನೋಡುತ್ತಲೇ ಇತ್ತು.

ಮನೆಗೆ ಬಂದಾಗ ಅತ್ತೆ ಹಿರಿಯ ಆಡಿನ ಬಾಲಕ್ಕೆ ಅಂಟಿದ ಮುಳ್ಳುಕಾಯಿಗಳನ್ನು ಬಿಡಿಸುತ್ತಿದ್ದರು. ನನ್ನ ಬರಿಗೈ ನೋಡಿದರು.

"ಅತ್ತೀ, ನಾಯಿ ಬೇಡ," ಎಂದು ನನಗೆ ಅನ್ನಿಸಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು.

"ಹಂಗಾರ ಸಂತಿ," ಎಂದರು. ಮತ್ತೆ ಬಾಲದ ಮುಳ್ಳು ಬಿಡಿಸತೊಡಗಿದರು. ನಾಳೆ ಮಾರುವ ಆಡಿನ ಬಾಲವನ್ನು ಅಷ್ಟು ನಿಧಾನವಾಗಿ, ಒಂದು ಕೂದಲೂ ಕೀಳದಂತೆ.

ಮಧ್ಯಾಹ್ನ ದಡ್ಡಿ ಗುಡಿಸಲೆಂದು ಒಳಗೆ ಹೋದವಳು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆ. ಬಿಳಿಯ ಆಡು ಬಂದು ನನ್ನ ಮಂಡಿಗೆ ಹೊಟ್ಟೆ ಒತ್ತಿ ನಿಂತಿತು. ಒಳಗೆ ಮರಿ ಹೊರಳಿದ್ದು ನನ್ನ ಮಂಡಿಗೇ ತಿಳಿಯಿತು. ಅಲ್ಲಿಂದ ಸುತ್ತ ನೋಡಿದೆ. ಕೆಂಪು ಕಲ್ಲಿನ ಗೋಡೆ ಗಟ್ಟಿ. ಮೇಲೆ ಹಂಚು ಗಟ್ಟಿ. ಹಂಚಿನ ಕೆಳಗೆ ಗಾಳಿಗೆ ಬಿಟ್ಟ ಸಂದಿಯಲ್ಲಿ ಬೆಕ್ಕೂ ತೂರದು. ಬಾಗಿಲು ಮಾತ್ರ ಬಿದಿರಿನ ತಟ್ಟಿ, ಸುತಳಿಯ ಗಂಟು. ನಾನು ಕೂತಲ್ಲಿಂದಲೇ ಕಾಲಿನಿಂದ ಒತ್ತಿದೆ. ತಟ್ಟಿ ಬಗ್ಗಿತು. ಅದರಾಚೆ, ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ತಲಬಾಗಿಲು ಕಂಡಿತು.

ಹಳೆಯ ಮನೆ ತೆಗೆದು ಈ ಮನೆ ಕಟ್ಟಿಸಿದಾಗ ಇವರು ಅಂಗಡಿಯಿಂದ ರೆಡಿಮೇಡ್ ಬಾಗಿಲು ತಂದರು. ಸಾಗವಾನಿಯ ಹಳೆಯ ಜೋಡಿ ಕದಗಳು ಗೋಣಿಚೀಲ ಹೊದ್ದು ಅಲ್ಲಿಯೇ ನಿಂತಿವೆ. ರೆಸಾರ್ಟಿನವರೊಬ್ಬರು ಕೇಳಿಕೊಂಡು ಬಂದಾಗ ಅತ್ತೆ, "ಬಾಗಲಾ ಮಾರಿದ್ರ ಮನೀನ ಮಾರಿದಂಗ" ಎಂದು ಚಹಾ ಕೊಟ್ಟು ಕಳಿಸಿದ್ದರು. ಪ್ರತಿ ದೀಪಾವಳಿಗೆ, ಎಲ್ಲಿಗೂ ತೆರೆಯದ ಆ ಬಾಗಿಲಿಗೆ ಗೋಣಿ ಸರಿಸಿ ಅರಿಶಿನ ಕುಂಕುಮ ಹಚ್ಚುತ್ತಾರೆ. ಅದನ್ನು ಕೇಳುವುದು ಹೇಗೆ? ಆದರೂ ಹೊರಗೆ ಬಂದು, ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದ ಅತ್ತೆಯನ್ನು ಕೇಳಿದೆ.

"ಅತ್ತೀ, ಆ ಹಳೇ ಬಾಗಿಲಲ್ಲಿ ಒಂದು ಕದ..."

ಅವರ ಕೈ ನಿಂತಿತು. "ನಮ್ಮತ್ತಿ ಹೊಸ್ತಿಲ ಪೂಜಿ ಮಾಡಿದ ಬಾಗಲಾ ಅದು. ನಾ ಅಕ್ಕಿ ಸೇರು ಒದ್ದು ಒಳಗ ಬಂದ ಬಾಗಲಾ. ಆಡಿನ ಹಿಕ್ಕಿ ನಡುವ ಹಚ್ಚತೀಯೇನು?"

"ತಪ್ಪಾಯ್ತು ಅತ್ತೀ. ಸುಮ್ಮನೆ ಹೇಳಿದೆ," ಎಂದು ಒಳಗೆ ಬಂದೆ. ಅಕ್ಕಿ ಆರಿಸಲು ಕೂತೆ. ಕಲ್ಲು ಯಾವುದು ಅಕ್ಕಿ ಯಾವುದು ಕಾಣುತ್ತಿರಲಿಲ್ಲ. ಆಮೇಲೆ ಊರುಗೋಲು ಕೊಟ್ಟಿಗೆಯ ಕಡೆ ನಡೆಯಿತು. ಗೋಣಿ ಎಳೆದ ಸದ್ದು. ಊರುಗೋಲು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು.

"ಏ ಹುಡುಗಿ. ಆ ಬಾಗಲಾ ಅಲ್ಲಿ ನಿಂತು ಏನ್ ಕಾಯಾಕತ್ತೈತಿ?"

ನಾನು ತಲೆಯೆತ್ತಿದೆ.

"ಗೋಡಿ ಕಾಯಾಕತ್ತೈತಿ. ಗೋಡಿ ಯಾರ್ ಒಯ್ತಾರ? ನಿನ್ನ ಗಂಡಗ ಫೋನ್ ಹಚ್ಚು. ಬಿಜಾಗರಿ, ಚಿಲಕ ತರಾಕ ಹೇಳು. ಇವತ್ತ ಮರತ ಬಂದ್ರ ನಾಳಿ ಆಡಿನ ಜೋಡಿ ಅವನ್ನೂ ಸಂತಿಗೆ ಹೊಡೀತೇನಂತ ಹೇಳು."

ಹೇಳಿದೆ, ಒಂದು ಮಾತೂ ಬಿಡದೆ. ಇವರು ಅಂದು ಹೊತ್ತಿರುವಾಗಲೇ ಬಂದರು, ಕದ ತಿರುಗಲು ಎರಡು ಜೊತೆ ಬಿಜಾಗರಿ, ಎರಡು ಚಿಲಕ ತಂದರು. ಕದ ಎತ್ತರವಾಯಿತು, ಕೊಯ್ಯಬೇಕು ಎಂದರು. ಅತ್ತೆ ಊರುಗೋಲು ಎತ್ತಿದರು. ಕದಕ್ಕೆ ಗರಗಸ ತಾಗಿಸದೆ, ಬಾಗಿಲ ಮೇಲಿನ ಒಂದು ಸಾಲು ಕಲ್ಲನ್ನೇ ತೆಗೆದು ಕೂರಿಸಿದೆವು. ನಾನು ಹಿಡಿದೆ, ಇವರು ಸ್ಕ್ರೂ ತಿರುಗಿಸಿದರು, ಶಾಲೆಯಿಂದ ಬಂದ ಮಗಳು ಚೀಲ ಬಿಸಾಡಿ ಸ್ಕ್ರೂ ಆರಿಸಿಕೊಟ್ಟಳು. ಒಂಟಿ ಕದವೇ ದಡ್ಡಿಯ ಬಾಯಿಗೆ ಸಾಕಾಯಿತು. ಅದನ್ನು ಮುಚ್ಚಿ ಚಿಲಕ ಹಾಕಿದಾಗ ಬಂದ ಸದ್ದು ಗಂಭೀರವಾಗಿತ್ತು, ದೊಡ್ಡ ಮನೆಯದು. ಇವರು ಭುಜ ಕೊಟ್ಟು ಒತ್ತಿದರು. ಅಲುಗಲಿಲ್ಲ.

ಅತ್ತೆ ಕದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೆಳಗೆ ಒಂದು ಗೆರೆ ರಂಗೋಲಿ ಎಳೆದು, ಮಗಳ ಕೈಲಿ ಮಾವಿನೆಲೆ ತರಿಸಿ ತೋರಣ ಕಟ್ಟಿಸಿದರು. "ಬರ್ರೆವಾ ಗೌಡ್ತ್ಯಾರ, ಬಲಗಾಲ ಇಟ್ಟ ಬರ್ರಿ," ಎಂದು ಆಡುಗಳನ್ನು ಕರೆದರು. ಬೆಳಿಗ್ಗೆಯಿಂದ ಅವರು ಆಡುಗಳಿಗೆ ಆಡಿದ ಮೊದಲ ಮಾತು ಅದು. ನನಗೆ ಕಣ್ಣು ಮಂಜಾಯಿತು. ಹಿರಿಯ ಆಡು ಹೊಸ್ತಿಲ ಮುಂದೆ ನಿಂತು, ಅರಿಶಿನವನ್ನು ಮೂಸಿ, ಮುಂಗಾಲು ಎರಡನ್ನೂ ಕದದ ಮೇಲೆ ಊರಿ ತೋರಣ ಎಳೆದು ತಿನ್ನತೊಡಗಿತು.

"ಪ್ಲೀಸ್ ಕಣಮ್ಮ, ಇವತ್ತೊಂದು ದಿನ ಬಿಡು," ಎಂದೆ ನಾನು. ಅತ್ತೆ ಊರುಗೋಲಿಗೆ ಒರಗಿ ನಗತೊಡಗಿದರು. ಮಂಡಿ ಹಿಡಿದುಕೊಂಡು, ಕೆಮ್ಮು ಬರುವಷ್ಟು.

ಅಷ್ಟರಲ್ಲಿ ಕಾಕಾ ಬೇಲಿಯ ಸಂದಿಯಿಂದ ಎಂದಿನಂತೆ ನುಸುಳಿ ಬಂದರು. ಅರಿಶಿನದ ಬಾಗಿಲನ್ನೂ, ರಂಗೋಲಿಯನ್ನೂ, ಬಾಯ ತುಂಬ ಮಾವಿನೆಲೆ ತುಂಬಿಕೊಂಡು ಒಳಗೆ ನಡೆಯುತ್ತಿದ್ದ ಹಿರಿಯ ಆಡನ್ನೂ ಒಮ್ಮೆ ನೋಡಿದರು. ಸಂತೆಯ ಆಡಿಗೋ ನಾಯಿಮರಿಗೋ ಬೇಕಾದೀತೆಂದು ತಂದಿದ್ದ ಹೊಸ ಹಗ್ಗದ ಸುರುಳಿಯನ್ನು ಭುಜಕ್ಕೇರಿಸಿಕೊಂಡು ತಮ್ಮ ಮನೆಯ ಕಡೆ ತಿರುಗುತ್ತ ಹೇಳಿದರು:

"ಏನ್ ವೈನಿ, ಆಡಿನ ಮನಿ ವಾಸ್ತುಶಾಂತಿ ಮುಗಿಸೇ ಬಿಟ್ರಿ? ಮಗ್ಗಲ ಮನ್ಯಾವ್ರಿಗೆ ಊಟಕ್ಕ ಒಂದ್ ಮಾತ್ ಹೇಳಬಾರದಿತ್ತ?"